ದೇವರ ಅಂಗಳದಲ್ಲೊಂದು ಕೌದಿ

ಧರ್ಮಸಮುದಾಯದ ಮನಸ್ಸಾಕ್ಷಿಯನ್ನು ಎಚ್ಚರಿಸುವ ಸಾಮೂಹಿಕ ಕಲೆಗೆ ಒಂದು ಕೈಪಿಡಿ

ದಕ್ಷಿಣ ಅಮೆರಿಕದ ಚಿಲಿ ದೇಶದ ರಾಜಧಾನಿ ಸ್ಯಾಂಟಿಯಾಗೋ. 1974ರಲ್ಲಿ ಅಲ್ಲಿನ ಬಡವರ ಬಡಾವಣೆಗಳ ಚರ್ಚುಗಳಲ್ಲಿ ಹೆಂಗಸರು ಗೋಣಿತಟ್ಟು, ಸೂಜಿ, ಹಳೆಬಟ್ಟೆ ಹಿಡಿದು ಹೊಲಿಯಲು ಕೂತರು. ಅವರಲ್ಲಿ ಹಲವರ ಗಂಡನನ್ನೋ ಮಗನನ್ನೋ ಸೈನಿಕರು ಎಳೆದುಕೊಂಡು ಹೋಗಿದ್ದರು. ಎಲ್ಲಿಗೆ ಎಂದು ಕೇಳಿದರೆ ಯಾವ ಠಾಣೆಯಲ್ಲೂ ಉತ್ತರ ಸಿಗುತ್ತಿರಲಿಲ್ಲ. ಆ ಹೆಂಗಸರು ಹೊಲಿದ ಚಿತ್ರಗಳು ಚರ್ಚಿನ ಬಾಗಿಲು ದಾಟಿ, ದೇಶದ ಗಡಿ ದಾಟಿ, ಚಿಲಿಯಲ್ಲಿ ಏನು ನಡೆಯುತ್ತಿದೆ ಎಂದು ಜಗತ್ತಿಗೆ ಹೇಳಿದವು.

ಧರ್ಮಸಂಸ್ಥೆಯೊಂದು ತನ್ನ ಅಂಗಳವನ್ನು ನೊಂದವರ ಕಲೆಗೆ ಬಿಟ್ಟುಕೊಟ್ಟರೆ ಏನಾಗಬಲ್ಲದು ಎಂಬುದಕ್ಕೆ ಇದು ದೊಡ್ಡ ಉದಾಹರಣೆ. ಇಂಥ ಕೆಲಸವನ್ನು ನಮ್ಮ ದೇವಸ್ಥಾನ, ಮಠ, ಚರ್ಚು, ಮಸೀದಿ, ಬಸದಿಗಳಲ್ಲೂ ಮಾಡಬಹುದು. ಪ್ರವಚನ ಕೇಳಿ ತಲೆದೂಗಿ ಮನೆಗೆ ಹೋಗುವ ಭಕ್ತರನ್ನು ಒಂದು ಅನ್ಯಾಯದ ಎದುರು ಕೂರಿಸಿ, ಕೈಗೆ ಸೂಜಿ ಕೊಟ್ಟು, ಅದರ ಬಗ್ಗೆ ಏನಾದರೂ ಮಾಡುವ ನಿರ್ಧಾರಕ್ಕೆ ತರಬಹುದು. ಅದನ್ನು ಮಾಡುವುದು ಹೇಗೆ ಎಂಬ ವಿವರ ಇಲ್ಲಿದೆ.

ಚಿಲಿಯ ಚರ್ಚು ಏನು ಮಾಡಿತು?

1973ರ ಸೆಪ್ಟೆಂಬರ್ 11ರಂದು ಜನರಲ್ ಆಗಸ್ಟೋ ಪಿನೋಷೆ ನೇತೃತ್ವದ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು. ಮುಂದಿನ ಸುಮಾರು 17 ವರ್ಷಗಳ ಆಳ್ವಿಕೆಯಲ್ಲಿ 3,000ಕ್ಕೂ ಹೆಚ್ಚು ಜನ ಕೊಲೆಯಾದರು ಇಲ್ಲವೇ ಕಾಣೆಯಾದರು. ದಂಗೆ ನಡೆದ ಮರುತಿಂಗಳೇ ಕ್ಯಾಥೊಲಿಕ್, ಲೂಥರನ್, ಯಹೂದಿ ಮೊದಲಾದ ಸಮುದಾಯಗಳ ಮುಖಂಡರು ಸೇರಿ ನೊಂದವರ ನೆರವಿಗೆ ಒಂದು ಶಾಂತಿ ಸಮಿತಿ ಕಟ್ಟಿದರು. ಗೋಣಿತಟ್ಟಿನ ಹೊಲಿಗೆ ಶುರುವಾದದ್ದು ಈ ಸಮಿತಿಯ ಆಶ್ರಯದಲ್ಲಿ. ಪಿನೋಷೆಯ ಒತ್ತಡಕ್ಕೆ 1975ರ ಕೊನೆಯಲ್ಲಿ ಸಮಿತಿ ಮುಚ್ಚಬೇಕಾಯಿತು. ಆಗ ಕಾರ್ಡಿನಲ್ ರೌಲ್ ಸಿಲ್ವಾ ಹೆನ್ರಿಕೆಸ್ 1976ರ ಜನವರಿಯಲ್ಲಿ ಚರ್ಚಿನದೇ ಅಂಗವಾಗಿ ‘ವಿಕಾರಿಯಾ ದೆ ಲಾ ಸೊಲಿದಾರಿದಾದ್’ ಎಂಬ ಸಂಸ್ಥೆಯನ್ನು ತೆರೆದರು. ಅದರ ಕಚೇರಿ ಇದ್ದದ್ದು ನಗರದ ಮುಖ್ಯ ಚೌಕದಲ್ಲಿ, ಕಥೆಡ್ರಲ್‌ನ ಪಕ್ಕದಲ್ಲೇ.

ಈ ಚಿತ್ರಗಳಿಗೆ ‘ಅರ್ಪಿಯೆರಾ’ ಎಂದು ಹೆಸರು. ಒಂದನ್ನು ಹತ್ತಿರದಿಂದ ನೋಡೋಣ. ಗೋಡೆಯ ಕ್ಯಾಲೆಂಡರಿಗಿಂತ ತುಸು ದೊಡ್ಡ ಗೋಣಿತಟ್ಟು. ಮೇಲ್ಗಡೆ ಉದ್ದಕ್ಕೂ ಆಂಡಿಸ್ ಪರ್ವತದ ಸಾಲು, ಅದರ ಮೂಲೆಯಲ್ಲಿ ಹಳದಿ ಬಟ್ಟೆಯ ಸೂರ್ಯ. ಕೆಳಗೆ ಕೆಂಪು, ನೀಲಿ, ಹಸಿರು ಚಿಂದಿಗಳ ಪುಟ್ಟ ಮನೆಗಳು. ನಡುವೆ ಹತ್ತಿ ತುಂಬಿದ ತಲೆಯ, ಉಣ್ಣೆದಾರದ ಕೂದಲಿನ ಬೆರಳುದ್ದದ ಗೊಂಬೆಗಳು. ದೂರದಿಂದ ಮಕ್ಕಳ ಆಟದಂತೆ ಕಾಣುವ ಈ ಚಿತ್ರದ ಹತ್ತಿರ ಹೋದರೆ, ಆ ಗೊಂಬೆಗಳು ಕೈಯಲ್ಲಿ ಹಿಡಿದಿರುವ ಬಟ್ಟೆಯ ಫಲಕದ ಮೇಲೆ ‘ಅವರೆಲ್ಲಿ?’ ಎಂಬ ಪ್ರಶ್ನೆ ಕಾಣಿಸುತ್ತದೆ. ಬೇರೆ ಅರ್ಪಿಯೆರಾಗಳಲ್ಲಿ ಬೀಗ ಹಾಕಿದ ಕಾರ್ಖಾನೆ, ಇಡೀ ಬಡಾವಣೆಗೆ ಇರುವ ಒಂದೇ ನಲ್ಲಿ, ಹಸಿದವರೆಲ್ಲ ಸೇರಿ ಬೇಯಿಸುವ ದೊಡ್ಡ ಪಾತ್ರೆ ಬಂದವು. ಲೊಂಕೆನ್ ಎಂಬಲ್ಲಿನ ಪಾಳುಬಿದ್ದ ಸುಣ್ಣದ ಗೂಡುಗಳಲ್ಲಿ 1978ರಲ್ಲಿ 15 ಮಂದಿಯ ಅವಶೇಷಗಳು ಸಿಕ್ಕ ಮೇಲೆ ಆ ಗೂಡುಗಳೂ ಬಟ್ಟೆಯ ಮೇಲೆ ಮೂಡಿದವು. ಕೆಲವು ತಾಯಂದಿರು ಕಾಣೆಯಾದ ಮಗನ ಅಂಗಿಯಿಂದಲೇ ತುಂಡು ಕತ್ತರಿಸಿ ಹೊಲಿದರು.

ಕೆಲಸದ ಕ್ರಮವೂ ಗಮನಿಸುವಂಥದ್ದು. ಗುಂಪು ನಿಯಮಿತವಾಗಿ ಸೇರುತ್ತಿತ್ತು. ಏನನ್ನು ಹೊಲಿಯಬೇಕೆಂದು ಮಾತಾಡುತ್ತಿತ್ತು. ಮುಗಿದ ಕೆಲಸವನ್ನು ಎಲ್ಲರ ಮುಂದಿಟ್ಟು ಸರಿತಪ್ಪು ಹೇಳುತ್ತಿತ್ತು. ವಿಕಾರಿಯಾ ಆ ಚಿತ್ರಗಳನ್ನು ಕೊಂಡು ವಿದೇಶಗಳಿಗೆ ಕಳಿಸುತ್ತಿತ್ತು. ದುಡಿಯುವ ಗಂಡಸರಿಲ್ಲದ ಮನೆಗಳು ಆ ಹಣದಿಂದ ನಡೆದವು. ಸರ್ಕಾರದ ಪರ ಪತ್ರಿಕೆಗಳು ಇವನ್ನು ದೇಶಕ್ಕೆ ಮಸಿ ಬಳಿಯುವ ಬಟ್ಟೆಗಳೆಂದು ಜರಿದವು. ಆದರೂ ಹೊಲಿಗೆ ನಿಲ್ಲಲಿಲ್ಲ. ಸ್ಯಾಂಟಿಯಾಗೋದಲ್ಲಿ 2010ರಲ್ಲಿ ತೆರೆದ ನೆನಪು ಮತ್ತು ಮಾನವ ಹಕ್ಕುಗಳ ಸಂಗ್ರಹಾಲಯದಲ್ಲಿ ಇಂದು ಅರ್ಪಿಯೆರಾಗಳನ್ನು ಕಾಪಾಡಲಾಗಿದೆ.

ಚಿಲಿಯ ಭಕ್ತರೆಲ್ಲ ಮೊದಲಿನಿಂದಲೂ ಈ ಹೆಂಗಸರ ಪರವಾಗಿದ್ದರು ಎಂದುಕೊಳ್ಳಬಾರದು. ಸೇನೆ ಬಂದದ್ದೇ ಒಳ್ಳೆಯದಾಯಿತು ಎನ್ನುವ ಕ್ಯಾಥೊಲಿಕರು ಬೇಕಾದಷ್ಟಿದ್ದರು. ಅಂಥ ಹೊತ್ತಿನಲ್ಲಿ ಧರ್ಮಸಂಸ್ಥೆ ಮೂರು ಸಂಗತಿಗಳನ್ನು ಕೊಟ್ಟಿತು: ಕೂರಲು ಜಾಗ, ಕೆಲಸಕ್ಕೆ ಬೆಲೆ, ಮಾತಿಗೆ ರಕ್ಷಣೆ. ಈ ಮೂರನ್ನೂ ಕೊಡುವ ಶಕ್ತಿ ನಮ್ಮ ಊರಿನ ಸಣ್ಣ ಸಮುದಾಯ ಭವನಕ್ಕೂ ಇದೆ. ಮುಂದಿನ ಪ್ರತಿ ಹಂತದಲ್ಲೂ ಈ ಮೂರು ಇವೆಯೇ ಎಂದು ನೋಡಿಕೊಳ್ಳಿ.

ಅಳತೆಯ ಪಾಠ

ಸಾವಿರಾರು ಜನ ಒಂದೇ ಕೃತಿಯಲ್ಲಿ ಕೈಜೋಡಿಸುವುದು ಹೇಗೆ ಎಂಬುದನ್ನು ಅಮೆರಿಕದ ಏಡ್ಸ್ ಸ್ಮಾರಕ ಕೌದಿಯಿಂದ ಕಲಿಯಬಹುದು. ಏಡ್ಸ್‌ನಿಂದ ಸತ್ತವರ ಅಂತ್ಯಕ್ರಿಯೆ ನಡೆಸಲು ಹಲವರು ಹಿಂಜರಿಯುತ್ತಿದ್ದ ಕಾಲದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಲೀವ್ ಜೋನ್ಸ್ ಮತ್ತು ಗೆಳೆಯರು ಈ ಕೌದಿಯನ್ನು ಶುರುಮಾಡಿದರು. ಪ್ರತಿ ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. ಅಳತೆ ಮಾತ್ರ ಒಂದೇ. ಅದರೊಳಗೆ ಏನು ಬೇಕಾದರೂ ಹೊಲಿಯಬಹುದು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್‌ನಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು. ಈಗ ಸುಮಾರು 50,000 ಆಗಿವೆ. ಅಳತೆ ಮೊದಲೇ ಗೊತ್ತಿದ್ದರೆ ಯಾರು, ಎಲ್ಲಿ, ಯಾವಾಗ ಹೊಲಿದರೂ ಕೊನೆಗೆ ಜೋಡಿಸಬಹುದು.

ನಮ್ಮ ಕೈಯಲ್ಲೇ ಇರುವ ಕಲೆ

ಕೌದಿಗಾಗಿ ನಾವು ಚಿಲಿಗೂ ಅಮೆರಿಕಕ್ಕೂ ಹೋಗಬೇಕಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಗಳು ಇಂದಿಗೂ ಇವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಹೊರದೇಶಗಳವರೆಗೂ ಹೆಸರಾಗಿವೆ. ಅವರು ಅಂಚಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿನ ಕಡೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಮಾಡಿದ ಹೂವಿನಂಥ ತ್ರಿಕೋನಗಳನ್ನು ಇಡುತ್ತಾರೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಕೆಲವರ ಕೌದಿಯಲ್ಲಿ ಶಿಲುಬೆ, ಕೆಲವರದರಲ್ಲಿ ಅರ್ಧಚಂದ್ರ ಕಾಣಿಸುತ್ತದೆ. ಹೊಲಿಗೆಯ ರೀತಿ ಮಾತ್ರ ಎಲ್ಲರದೂ ಒಂದೇ.

ಉಟ್ಟ ಬಟ್ಟೆಯಿಂದಲೇ ಕೌದಿ ಆಗುವುದು. ಅದಕ್ಕೇ ನಮ್ಮ ಸಮಾಜದಲ್ಲಿ ಕೌದಿಗೆ ವಿಶೇಷ ಶಕ್ತಿಯಿದೆ. ಯಾರ ಬಟ್ಟೆ ಯಾರ ಬಟ್ಟೆಗೆ ತಾಗಬಹುದು, ಯಾರು ಯಾರ ಪಂಕ್ತಿಯಲ್ಲಿ ಕೂರಬಹುದು ಎಂಬ ಲೆಕ್ಕ ಇನ್ನೂ ಅಳಿಯದ ಊರುಗಳಲ್ಲಿ, ಧರ್ಮದರ್ಶಿಯ ಮನೆಯ ಸೀರೆ ತುಂಡನ್ನೂ ಬೀದಿ ಗುಡಿಸುವಾಕೆಯ ಸೀರೆ ತುಂಡನ್ನೂ ಒಂದೇ ದಾರದಲ್ಲಿ ಕೂಡಿಸುವುದು ಸಣ್ಣ ಸಂಗತಿಯಲ್ಲ. ಚಿತ್ರ ಬರೆಯುವ ಮೊದಲೇ ಬಟ್ಟೆ ಒಂದು ಮಾತು ಹೇಳಿರುತ್ತದೆ.

ಹಂತ 1: ವಿಷಯವನ್ನು ಸಣ್ಣದು ಮಾಡಿ

‘ಬಡತನ’, ‘ಮಹಿಳಾ ಶೋಷಣೆ’, ‘ಪರಿಸರ’ ಇವು ವಿಷಯಗಳಲ್ಲ, ಭಾಷಣದ ತಲೆಬರಹಗಳು. ನಿಮ್ಮ ಅಂಗಳಕ್ಕೆ ತಾಗಿದ, ನಿಮ್ಮ ಸಮುದಾಯ ಬದಲಿಸಬಲ್ಲ ಒಂದೇ ಒಂದು ಸಂಗತಿಯನ್ನು ಆರಿಸಿ. ಕೆಲವು ಮಾದರಿಗಳು:

- ಜಾತ್ರೆಯ ಮರುದಿನ ತೇರುಬೀದಿಯ ಕಸ ಎತ್ತುವವರು ಯಾರು, ಅವರಿಗೆ ಕೈಗವಸು, ಕುಡಿಯುವ ನೀರು, ಶೌಚಾಲಯ ಇವೆಯೇ?
- ಚರ್ಚಿನ ಶಾಲೆಯ ಆಯಾಗಳಿಗೆ ಬೇಸಿಗೆ ರಜೆಯಲ್ಲಿ ಸಂಬಳವಿದೆಯೇ?
- ಮಸೀದಿಯ ಮೊಹಲ್ಲಾದಲ್ಲಿ ಮನೆಯಲ್ಲೇ ಕೂತು ಬೀಡಿ ಕಟ್ಟುವ, ಅಗರಬತ್ತಿ ಹೊಸೆಯುವ ಹೆಂಗಸರಿಗೆ ಸಾವಿರಕ್ಕೆ ಎಷ್ಟು ಸಿಗುತ್ತದೆ?
- ಮಠದ ಹಾಸ್ಟೆಲಿನ ಅಡುಗೆಯವರು ಎಷ್ಟು ಗಂಟೆ ನಿಂತು ಕೆಲಸ ಮಾಡುತ್ತಾರೆ?
- ಊರಿನಲ್ಲಿ ಒಂಟಿಯಾಗಿ ಉಳಿದ ಮುದುಕರು ಹಬ್ಬದ ದಿನ ಯಾರ ಜೊತೆ ಉಣ್ಣುತ್ತಾರೆ?

ಆರಿಸಿದ ವಿಷಯಕ್ಕೆ ಮೂರು ಪ್ರಶ್ನೆ ಹಾಕಿ. ಇದರಲ್ಲಿ ನಮ್ಮ ಸಂಸ್ಥೆಯ ಪಾಲು ಇದೆಯೇ? ನೊಂದವರು ನಮ್ಮೊಂದಿಗೆ ಕೂತು ಮಾತಾಡಬಲ್ಲರೇ? ಒಂದು ವರ್ಷದೊಳಗೆ ನಾವು ಏನನ್ನಾದರೂ ಬದಲಿಸಬಲ್ಲೆವೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ವಿಷಯ ಸಿಕ್ಕಿದೆ ಎಂದರ್ಥ. ಮೊದಲ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಎಚ್ಚರವಿರಲಿ. ಬೇರೆಯವರ ತಪ್ಪನ್ನು ಹೊಲಿಯುವುದು ಸುಲಭ, ಅದರಿಂದ ನಮ್ಮ ಮನಸ್ಸಾಕ್ಷಿ ಅಲುಗುವುದಿಲ್ಲ.

ಮುಂದಿನ ಹಂತಗಳಿಗೆ ಮೊದಲ ಮಾದರಿಯನ್ನೇ ಇಟ್ಟುಕೊಳ್ಳೋಣ. ಕೌದಿಯ ಹೆಸರು ‘ಜಾತ್ರೆಯ ಮರುದಿನ’.

ಹಂತ 2: ಒಪ್ಪಿಗೆ ಪಡೆಯಿರಿ

ಮುಜರಾಯಿ ದೇವಸ್ಥಾನವಾದರೆ ವ್ಯವಸ್ಥಾಪನಾ ಸಮಿತಿ ಮತ್ತು ಕಾರ್ಯನಿರ್ವಹಣಾಧಿಕಾರಿ, ಚರ್ಚಾದರೆ ಗುರುಗಳು ಮತ್ತು ಪಾಲನಾ ಮಂಡಳಿ, ಮಸೀದಿಯಾದರೆ ಜಮಾತ್ ಸಮಿತಿ, ಮಠವಾದರೆ ಸ್ವಾಮಿಗಳು. ಯಾರನ್ನು ಕೇಳಬೇಕೋ ಅವರನ್ನು ಮೊದಲೇ ಕೇಳಿ. ಮುಚ್ಚಿಟ್ಟು ಶುರುಮಾಡಿದರೆ ನಡುದಾರಿಯಲ್ಲಿ ಬೀಗ ಬೀಳುತ್ತದೆ, ಆಗ ಹೆಚ್ಚು ನೋಯುವವರು ನಿಮ್ಮನ್ನು ನಂಬಿ ಬಂದ ಕೆಲಸಗಾರರು.

ಅರ್ಜಿಯಲ್ಲಿ ನಾಲ್ಕು ಸಂಗತಿಗಳಿರಲಿ: ಆರು ವಾರ ಭವನದ ಒಂದು ಕೋಣೆ ಬೇಕು; ಎಲ್ಲ ಜಾತಿ, ಎಲ್ಲ ಕೆಲಸದವರೂ ಒಂದೇ ಚಾಪೆಯ ಮೇಲೆ ಕೂರುತ್ತಾರೆ, ಒಂದೇ ಕಡೆ ಚಹಾ ಕುಡಿಯುತ್ತಾರೆ; ಮುಗಿದ ಕೌದಿಯನ್ನು ಜನ ಸೇರುವ ಜಾಗದಲ್ಲಿ ತೂಗುಹಾಕುತ್ತೇವೆ; ಅದರ ಮುಂದೆ ಸಮಿತಿ ಕೂತು ಒಂದು ನಿರ್ಧಾರ ತೆಗೆದುಕೊಳ್ಳಬೇಕು. ಕೊನೆಯ ಸಾಲನ್ನು ಬಿಡಬೇಡಿ. ಅದಿಲ್ಲದಿದ್ದರೆ ಕೌದಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಹಿರಿಯರು ಹಿಂದೇಟು ಹಾಕಿದರೆ ಅವರ ಪರಂಪರೆಯ ಮಾತನ್ನೇ ನೆನಪಿಸಿ. ವಚನಕಾರರಲ್ಲಿ ಮಡಿವಾಳರಿದ್ದರು, ಅಂಬಿಗರಿದ್ದರು, ಸೂಳೆಸಂಕವ್ವೆಯಂಥವರಿದ್ದರು, ಕಸ ಗುಡಿಸುವ ಕಾಯಕದ ಸತ್ಯಕ್ಕನಿದ್ದಳು. ಇಸ್ಲಾಮಿನಲ್ಲಿ ಝಕಾತ್ ಕಡ್ಡಾಯದ ಕರ್ತವ್ಯ. ಜೈನರ ನಾಲ್ಕು ದಾನಗಳಲ್ಲಿ ಅಭಯವೂ ಒಂದು. ಧರ್ಮದ ಒಳಗಿನಿಂದಲೇ ಕೇಳಿದ ಪ್ರಶ್ನೆಯನ್ನು ಧರ್ಮಗುರುಗಳು ಸುಲಭವಾಗಿ ತಳ್ಳಿಹಾಕಲಾರರು.

ಹಂತ 3: ಇಪ್ಪತ್ತು ಜನರನ್ನು ಕೂಡಿಸಿ

20 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತು ಚದುರುತ್ತದೆ. ಅವರಲ್ಲಿ ಕನಿಷ್ಠ ಏಳೆಂಟು ಮಂದಿ ಆ ಕೆಲಸ ಮಾಡುವವರೇ ಆಗಿರಲಿ. ಒಬ್ಬರನ್ನೋ ಇಬ್ಬರನ್ನೋ ಕರೆದರೆ ಅವರು ಪ್ರದರ್ಶನದ ವಸ್ತುವಾಗುತ್ತಾರೆ, ಬಾಯಿ ಬಿಡುವುದಿಲ್ಲ. ಉಳಿದವರಲ್ಲಿ ಸಮಿತಿಯ ಒಬ್ಬ ಸದಸ್ಯರು, ಭಜನಾ ಮಂಡಳಿಯ ಹೆಂಗಸರು, ಕಾಲೇಜಿನ ಹುಡುಗ ಹುಡುಗಿಯರು, ಹೊಲಿಗೆ ಬಲ್ಲ ಒಬ್ಬ ದರ್ಜಿ ಇರಲಿ. ಗಂಡಸರನ್ನು ಬಿಡಬೇಡಿ. ಹೊಲಿಗೆ ಹೆಂಗಸರ ಕೆಲಸ ಎಂದು ಬಿಟ್ಟುಕೊಟ್ಟರೆ, ಹಣದ ನಿರ್ಧಾರ ಮಾಡುವವರು ಚಾಪೆಯಿಂದ ಹೊರಗುಳಿಯುತ್ತಾರೆ.

ದಿನಗೂಲಿಯವರು ಬಂದು ಕೂತರೆ ಅವರ ಕೂಲಿ ಹೋಗುತ್ತದೆ. ಆ ದಿನದ ಕೂಲಿಯನ್ನು ಸಂಸ್ಥೆ ಕೊಡಬೇಕು. ‘ಸೇವೆ ಎಂದು ಬನ್ನಿ’ ಎಂದು ಕರೆಯುವುದು ಅನ್ಯಾಯಕ್ಕೆ ಇನ್ನೊಂದು ತೇಪೆ ಹಚ್ಚಿದಂತೆ. ಮಾತಾಡಿಸುವಾಗಲೂ ಗಮನವಿರಲಿ: ಟ್ರಸ್ಟಿಗಳಿಗೆ ‘ಸಾರ್, ಬನ್ನಿ’, ಗುಡಿಸುವಾಕೆಗೆ ‘ಏ, ಬಾ ಇಲ್ಲಿ’ ಎನ್ನುವ ರೂಢಿ ಮೊದಲ ದಿನವೇ ನಿಲ್ಲಬೇಕು. ಅಕ್ಕ, ಅಣ್ಣ, ಅಮ್ಮ, ಬಹುವಚನ ಎಲ್ಲರಿಗೂ ಒಂದೇ ಆಗಿರಲಿ.

ಹಂತ 4: ಸಾಮಾನು

ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಗೆ ಒಂದೊಂದು ಅಡಿಯ 24 ಚೌಕಗಳು ಬೇಕು. ಇಪ್ಪತ್ತು ಜನಕ್ಕೆ ಇಪ್ಪತ್ತು, ಉಳಿದ ನಾಲ್ಕು ಖಾಲಿ. ಖಾಲಿ ಚೌಕಗಳು ಏಕೆ ಎಂಬುದು ಕೊನೆಯ ಹಂತದಲ್ಲಿದೆ.

- ಕೋರಾ ಬಟ್ಟೆ ಅಥವಾ ಒಗೆದ ಗೋಣಿತಟ್ಟಿನ 24 ಚೌಕಗಳು. 14 ಇಂಚಿಗೆ ಕತ್ತರಿಸಿ. ಸುತ್ತ ಒಂದೊಂದು ಇಂಚು ಜೋಡಣೆಗೆ ಹೋಗಿ 12 ಇಂಚು ಉಳಿಯುತ್ತದೆ.
- ಪ್ರತಿಯೊಬ್ಬರೂ ಮನೆಯಿಂದ ತರುವ, ಉಟ್ಟು ಹಳತಾದ ಒಂದು ಹತ್ತಿಬಟ್ಟೆ. ಹೊಸ ಬಟ್ಟೆ ಕೊಳ್ಳಬೇಡಿ.
- ಹಿಂಬದಿಗೆ ಹಳೆಯ ಹೊದಿಕೆ, ಇಲ್ಲವೇ ಜೋಡಿಸಿದ ಎರಡು ಸೀರೆ.
- ದಪ್ಪ ಹತ್ತಿದಾರ, ಕೌದಿ ಸೂಜಿಗಳು, ನಾಲ್ಕೈದು ಕತ್ತರಿ, ಸೀಮೆಸುಣ್ಣ, ಗುಂಡುಪಿನ್ನು, ಗುಂಡಿಗಳು, ಉಣ್ಣೆದಾರ, ಸ್ವಲ್ಪ ಹತ್ತಿ.
- ತೂಗುಹಾಕಲು ಐದು ಅಡಿಯ ಬಿದಿರಿನ ಗಳ.

ತಂದ ಬಟ್ಟೆಗಳನ್ನೆಲ್ಲ ಸೋಪು ಹಾಕಿ ಒಗೆದು ಬಿಸಿಲಿಗೆ ಒಣಗಿಸಿ. ಬಣ್ಣ ಬಿಡುವ ಬಟ್ಟೆಯನ್ನು ಬೇರೆಯಾಗಿ ಎರಡು ಮೂರು ಸಲ ನೆನೆಸಿ. ಆಮೇಲೂ ಬಣ್ಣ ಬಿಟ್ಟರೆ ಬಳಸಬೇಡಿ. ಗೋಣಿತಟ್ಟಿನ ಅಂಚು ಎಳೆ ಬಿಡುತ್ತದೆ, ಮಡಿಸಿ ಹೊಲಿದುಕೊಳ್ಳಿ. ಜೈನ ಬಸದಿಯಲ್ಲಾದರೆ ರೇಷ್ಮೆ, ಚರ್ಮ ಬೇಡ. ಮಸೀದಿಯಲ್ಲಿ ಮನುಷ್ಯರ ಆಕೃತಿಗೆ ಆಕ್ಷೇಪ ಬರಬಹುದು. ಅಲ್ಲಿ ಚಪ್ಪಲಿ, ಬಾಗಿಲು, ಕೊಡ, ಪೊರಕೆ, ಬಳ್ಳಿ, ಜ್ಯಾಮಿತಿಯ ವಿನ್ಯಾಸಗಳು ಅದೇ ಕಥೆಯನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತವೆ.

ಹಂತ 5: ಆರು ಕೂಟಗಳು

ವಾರಕ್ಕೊಂದು ಕೂಟ, ಎರಡರಿಂದ ಮೂರು ಗಂಟೆ.

*ಮೊದಲ ಕೂಟ: ಕೇಳುವುದು.* ಅಂದು ಸೂಜಿ ಮುಟ್ಟುವುದು ಬೇಡ. ಕೆಲಸ ಮಾಡುವವರು ತಮ್ಮ ಒಂದು ದಿನವನ್ನು ಹೇಳಲಿ: ಎಷ್ಟು ಹೊತ್ತಿಗೆ ಏಳುತ್ತೀರಿ, ಮೊದಲು ಕೈಗೆ ಸಿಗುವುದು ಏನು, ನೀರು ಎಲ್ಲಿ ಕುಡಿಯುತ್ತೀರಿ, ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆಯೇ? ‘ನಿಮಗೆ ಏನು ಕಷ್ಟ?’ ಎಂದು ಕೇಳಿದರೆ ‘ಏನಿಲ್ಲ ಸಾರ್’ ಎಂಬ ಉತ್ತರ ಬರುತ್ತದೆ. ಸಣ್ಣ ವಿವರ ಕೇಳಿದರೆ ಕಷ್ಟ ತಾನಾಗಿಯೇ ಹೊರಬರುತ್ತದೆ. ಮಾತಾಡುವವರನ್ನು ನಡುವೆ ತಡೆಯಬಾರದು. ಫೋಟೋ, ವಿಡಿಯೋ, ವಾಟ್ಸ್‌ಆ್ಯಪ್ ಯಾವುದೂ ಬೇಡ. ಕೋಣೆಯಲ್ಲಿ ಆಡಿದ ಮಾತು ಕೋಣೆಯಲ್ಲೇ ಇರಲಿ. ರಕ್ಷಣೆ ಎಂದರೆ ಇದು. ಮಾತಾಡಿದ್ದಕ್ಕೆ ನಾಳೆ ಯಾರ ಕೆಲಸವೂ ಹೋಗಬಾರದು ಎಂದು ಸಮಿತಿಯ ಸದಸ್ಯರು ಎಲ್ಲರೆದುರು ಮಾತು ಕೊಡಬೇಕು.

*ಎರಡನೆಯ ಕೂಟ: ಬರೆಯುವುದು.* ಇಬ್ಬಿಬ್ಬರು ಜೊತೆಯಾಗಿ ಕೂರಲಿ. ಸಾಧ್ಯವಾದಷ್ಟೂ ಜಾತ್ರೆಗೆ ಬರುವವರೊಬ್ಬರು, ಜಾತ್ರೆಯನ್ನು ಗುಡಿಸುವವರೊಬ್ಬರು. ಕಾಗದದ ಮೇಲೆ ಒಂದೊಂದು ಚೌಕಕ್ಕೆ ಒಂದೊಂದೇ ವಸ್ತು: ಬಾಳೆಲೆಗಳ ರಾಶಿ, ಒಡೆದ ಬಳೆ ಸೇರಿದ ಕಸ, ಬರಿಗೈ, ಮುಚ್ಚಿದ ಶೌಚಾಲಯದ ಬಾಗಿಲು, ಬೆಳಗಿನ ಜಾವದ ಬೀದಿದೀಪ. ‘ಚೆನ್ನಾಗಿ ಬರೆಯಲು ಬರಲ್ಲ’ ಎನ್ನುವವರೇ ಹೆಚ್ಚು. ಅವರಿಗೆ ಬಟ್ಟೆ ಕತ್ತರಿಸಿ ಇಡಲು ಹೇಳಿ; ಪೆನ್ಸಿಲ್ ಹಿಡಿಯದ ಕೈ ಕತ್ತರಿಯನ್ನು ಸಲೀಸಾಗಿ ಹಿಡಿಯುತ್ತದೆ. ಕಲಾ ಶಿಕ್ಷಕರಿದ್ದರೆ ಒಂದು ಮನವಿ: ಯಾರ ಚೌಕವನ್ನೂ ತಿದ್ದಬೇಡಿ. ವಕ್ರವಾದ ಪೊರಕೆ ವಕ್ರವಾಗಿಯೇ ಇರಲಿ.

*ಮೂರು, ನಾಲ್ಕು, ಐದನೆಯ ಕೂಟ: ಹೊಲಿಯುವುದು.* ತುಂಡುಗಳನ್ನು ಗುಂಡುಪಿನ್ನಿನಿಂದ ಚೌಕಕ್ಕೆ ಕೂಡಿಸಿ, ಅಂಚಿಗೆ ಕಾಜಾ ಹೊಲಿಗೆ ಹಾಕಿ. ಕೈ ಪಳಗದವರಿಗೆ ಸಾದಾ ಹೊಲಿಗೆ ಸಾಕು. ಉಬ್ಬು ಬೇಕಾದಲ್ಲಿ ಒಳಗೆ ಹತ್ತಿ ಇಡಿ. ಒಂದು ನಿಯಮ ಪಾಲಿಸಿ: ಪ್ರತಿಯೊಬ್ಬರ ಚೌಕದಲ್ಲೂ ಅವರ ಜೊತೆಗಾರರು ತಂದ ಬಟ್ಟೆಯ ಒಂದು ತುಂಡಾದರೂ ಇರಬೇಕು. ಕೈ ಕೆಲಸದಲ್ಲಿ ತೊಡಗಿದಾಗ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವ ಮುಜುಗರ ಇರುವುದಿಲ್ಲ. ವರ್ಷಗಟ್ಟಲೆ ಒಂದೇ ಬೀದಿಯಲ್ಲಿ ಓಡಾಡಿದವರು ಮೊದಲ ಸಲ ಪರಸ್ಪರ ಮಕ್ಕಳ ಹೆಸರು ಕೇಳುವುದು ಇಂಥ ಹೊತ್ತಿನಲ್ಲೇ. ಈ ಕೆಲಸದ ಜೀವ ಇರುವುದು ಈ ಮೂರು ವಾರಗಳಲ್ಲಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಅವಸರಕ್ಕೆ ಬಿದ್ದು ಮಿಷನ್ ಹೊಲಿಗೆಗೆ ಕೊಟ್ಟು ಒಂದೇ ದಿನದಲ್ಲಿ ಮುಗಿಸಬೇಡಿ.

*ಆರನೆಯ ಕೂಟ: ಜೋಡಿಸುವುದು.* ಚೌಕಗಳನ್ನು ನೆಲದ ಮೇಲೆ ಹರಡಿ ಎಲ್ಲರೂ ಸುತ್ತ ನಿಂತು ಕ್ರಮ ನಿರ್ಧರಿಸಿ. ಸಮಿತಿಯವರ ಚೌಕವೇ ನಡುವೆ ಬರಬೇಕೆಂದಿಲ್ಲ. ಚೌಕಗಳ ಜೋಡಣೆಗೆ ದರ್ಜಿಯ ಮಿಷನ್ ಬಳಸಬಹುದು. ಹಿಂಬದಿಯ ಹೊದಿಕೆ ಕೂಡಿಸುವ ಹೊಲಿಗೆಯನ್ನು ಎಲ್ಲರೂ ಸುತ್ತಲೂ ಕೂತು ಕೈಯಿಂದಲೇ ಹಾಕಿ. ಮೇಲಂಚಿನ ಹಿಂದೆ ನಾಲ್ಕು ಇಂಚಿನ ಪಟ್ಟಿಯನ್ನು ಕೊಳವೆಯಂತೆ ಹೊಲಿದರೆ ಬಿದಿರಿನ ಗಳ ತೂರಿಸಿ ತೂಗುಹಾಕಬಹುದು.

ಜಗಳ ಬಂದರೆ

ಜಗಳ ಬಂದೇ ಬರುತ್ತದೆ. ಬಂದರೆ ಕೆಲಸ ಮನಸ್ಸಿಗೆ ತಟ್ಟಿದೆ ಎಂದರ್ಥ. ‘ದೇವರ ಜಾಗದಲ್ಲಿ ರಾಜಕೀಯ ಬೇಡ’ ಎಂಬ ಮಾತು ಮೊದಲು ಬರುತ್ತದೆ. ಕೌದಿಯಲ್ಲಿ ಯಾವ ಪಕ್ಷದ ಹೆಸರೂ, ಗುರುತೂ ಬೇಡ ಎಂದು ಮೊದಲೇ ಒಪ್ಪಿಕೊಳ್ಳಿ. ಆದರೆ ಯಾರಿಗೆ ನೀರು ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಧರ್ಮದ ಪ್ರಶ್ನೆಯೇ ಎಂದು ನೇರವಾಗಿ ಹೇಳಿ. ‘ಹಳೆಬಟ್ಟೆ ಮೈಲಿಗೆ’ ಎಂಬ ಆಕ್ಷೇಪ ಬಂದರೆ ಗರ್ಭಗುಡಿಯ ಬಳಿಗೆ ಒಯ್ಯುವ ಹಟ ಬೇಡ, ದಾಸೋಹ ಭವನದಲ್ಲೋ ಕಲ್ಯಾಣ ಮಂಟಪದಲ್ಲೋ ತೂಗುಹಾಕಿ. ಆದರೆ ‘ಆಕೆಯ ಬಟ್ಟೆ ಮಾತ್ರ ಬೇಡ’ ಎಂದರೆ ಒಪ್ಪಬೇಡಿ. ಅಲ್ಲಿ ಬಗ್ಗಿದರೆ ಕೌದಿ ಹೊಲಿಯುವುದರಲ್ಲಿ ಅರ್ಥವಿಲ್ಲ.

ಹಂತ 6: ತೋರಿಸುವುದು

ಜನ ನಿಲ್ಲುವ, ಕಾಯುವ ಜಾಗ ಹುಡುಕಿ: ಪ್ರಸಾದದ ಸಾಲು, ಊಟದ ಭವನದ ಬಾಗಿಲು, ಚಪ್ಪಲಿ ಬಿಡುವ ಮೊಗಸಾಲೆ. ಕೌದಿಯ ನಡುಭಾಗ ಕಣ್ಣಿನ ಮಟ್ಟಕ್ಕಿರಲಿ. ಪಕ್ಕದಲ್ಲಿ ಐದಾರು ಸಾಲಿನ ಫಲಕ ಸಾಕು: ಯಾರು ಹೊಲಿದರು, ಯಾವುದರ ಬಗ್ಗೆ, ಏನು ಕೇಳುತ್ತಿದೆ. ಹೆಸರು ಹಾಕಬೇಕೋ ಬೇಡವೋ ಎಂದು ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೇಳಿ.

ಅನಾವರಣದ ದಿನ ಮೊದಲ ಮಾತು ಹೊಲಿದ ಕೆಲಸಗಾರರದ್ದಾಗಲಿ. ಗುರುಗಳು ಕೊನೆಯಲ್ಲಿ ಮಾತಾಡಲಿ. ಹಾರ ತುರಾಯಿ, ಸನ್ಮಾನ ಬೇಡ. ಶಾಲು ಹೊದಿಸಿ ಕಳಿಸಿದರೆ ಪ್ರಶ್ನೆಯೂ ಶಾಲಿನಡಿ ಮುಚ್ಚಿಹೋಗುತ್ತದೆ. ಕೌದಿಯ ಮುಂದೆ ಎರಡು ತಿಂಗಳು ಒಂದು ನೋಟ್‌ಬುಕ್ ಮತ್ತು ಪೆನ್ನು ಇಡಿ. ‘ಚೆನ್ನಾಗಿದೆ’ ಎಂದಷ್ಟೇ ಬರೆಸಬೇಡಿ. ‘ಇದರಲ್ಲಿ ನನ್ನ ಪಾಲು ಏನು?’ ಎಂಬ ಪ್ರಶ್ನೆಯನ್ನು ಪುಟದ ಮೇಲೆ ಬರೆದಿಡಿ.

ಕೌದಿಯನ್ನೋ ಅದರ ಚಿತ್ರವಿರುವ ಕಾರ್ಡುಗಳನ್ನೋ ಮಾರಿದರೆ ಹಣ ಯಾರಿಗೆ ಎಂಬುದು ಮೊದಲೇ ಬರಹದಲ್ಲಿರಲಿ. ಚಿಲಿಯಲ್ಲಿ ಹಣ ಹೊಲಿದವರ ಮನೆ ಸೇರಿತು. ಸಂಸ್ಥೆಯ ಕಟ್ಟಡ ನಿಧಿಗೆ ಹೋಗಬಾರದು.

ಹಂತ 7: ನಿರ್ಧಾರ ಮತ್ತು ಖಾಲಿ ಚೌಕಗಳು

ಅನಾವರಣವಾದ ಒಂದು ತಿಂಗಳೊಳಗೆ ಸಮಿತಿ ಕೌದಿಯ ಎದುರೇ ಸಭೆ ಸೇರಲಿ. ನಾಲ್ಕು ಖಾಲಿ ಚೌಕಗಳಿಗೆ ನಾಲ್ಕು ಮಾತು ಕೊಡಲಿ. ನಮ್ಮ ಮಾದರಿಯಲ್ಲಿ ಅವು ಹೀಗಿರಬಹುದು: ಜಾತ್ರೆಯ ಸ್ವಚ್ಛತಾ ಕೆಲಸಕ್ಕೆ ಅದೇ ದಿನ ಪೂರ್ತಿ ಕೂಲಿ, ಎಲ್ಲರಿಗೂ ಕೈಗವಸು ಮತ್ತು ಗಮ್‌ಬೂಟು, ಕುಡಿಯುವ ನೀರು ಹಾಗೂ ಬೀಗವಿಲ್ಲದ ಶೌಚಾಲಯ, ಭಕ್ತರ ಪಂಕ್ತಿಯಲ್ಲೇ ಊಟ. ಪ್ರತಿ ಮಾತಿಗೂ ಒಬ್ಬ ಹೊಣೆಗಾರರ ಹೆಸರು ಮತ್ತು ಒಂದು ತಾರೀಖು ಬೇಕು. ಮಾತು ನಡೆದ ಮೇಲಷ್ಟೇ, ಅದು ನಡೆದದ್ದು ನಿಜ ಎಂದು ಕೆಲಸಗಾರರು ಒಪ್ಪಿದ ಮೇಲಷ್ಟೇ, ಆ ಚೌಕವನ್ನು ಹೊಲಿಯಬೇಕು. ಅಲ್ಲಿಯವರೆಗೆ ಅದು ಎಲ್ಲರ ಕಣ್ಣೆದುರು ಖಾಲಿಯಾಗಿಯೇ ಇರಲಿ.

ಕಾನೂನಿನ ಒಂದು ಸಂಗತಿ ಪ್ರತಿ ಧರ್ಮಸಂಸ್ಥೆಗೂ ಗೊತ್ತಿರಬೇಕು. ರಕ್ಷಣೆಯಿಲ್ಲದೆ ಮನುಷ್ಯರನ್ನು ಮಲಗುಂಡಿಗೋ ಒಳಚರಂಡಿಗೋ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ರೂಪಾಯಿ ಎಂದು ನಿಗದಿಮಾಡಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಿಮ್ಮ ಸಮುದಾಯ ಭವನದ ಗುಂಡಿ ತುಂಬಿದಾಗ ಯಂತ್ರದ ಗಾಡಿಯನ್ನೇ ಕರೆಸಬೇಕು ಎಂಬುದು ಒಂದು ಖಾಲಿ ಚೌಕದ ಮಾತಾಗಲು ತಕ್ಕದ್ದು.

ಹೊಲಿಗೆ ಒಗ್ಗದಿದ್ದರೆ

ಬೇರೆ ಕಲೆಗಳೂ ಇವೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠ ನಾಟಕವನ್ನು ಆರಿಸಿಕೊಂಡಿತು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಕಟ್ಟಿದ ಶಿವಕುಮಾರ ಕಲಾಸಂಘದ ‘ಶಿವಸಂಚಾರ’ ತಂಡ 1997ರಿಂದ ಊರೂರು ತಿರುಗುತ್ತಾ ನಾಟಕ ಆಡುತ್ತಿದೆ. ನಿಮ್ಮಲ್ಲಿ ಭಜನೆ ಚೆನ್ನಾಗಿದ್ದರೆ ಹೊಸ ಹಾಡು ಕಟ್ಟಿ, ರಂಗೋಲಿ ಚೆನ್ನಾಗಿದ್ದರೆ ತೇರುಬೀದಿಯಲ್ಲಿ ಬಿಡಿಸಿ, ಗೋಡೆಯಿದ್ದರೆ ಚಿತ್ರ ಬರೆಯಿರಿ. ಯಾವ ಕಲೆಯಾದರೂ ನಿಯಮ ಒಂದೇ: ನೊಂದವರು ಕಥೆಯ ಒಳಗಷ್ಟೇ ಇದ್ದರೆ ಸಾಲದು, ಕಟ್ಟುವವರಲ್ಲೂ ಇರಬೇಕು, ಕೊನೆಗೆ ಒಂದು ನಿರ್ಧಾರ ಆಗಲೇಬೇಕು.

ಈ ವಾರ ಮಾಡಬಹುದಾದದ್ದು

ಎಲ್ಲವನ್ನೂ ಒಟ್ಟಿಗೆ ಶುರುಮಾಡಬೇಕಿಲ್ಲ. ಈ ವಾರ ನಿಮ್ಮ ಸಂಸ್ಥೆಯಲ್ಲಿ ಯಾರ ದುಡಿಮೆ ಯಾರ ಕಣ್ಣಿಗೂ ಬೀಳುತ್ತಿಲ್ಲ ಎಂದು ಒಂದು ಪಟ್ಟಿ ಮಾಡಿ. ಪಟ್ಟಿಯಲ್ಲಿರುವ ಇಬ್ಬರನ್ನು ಭೇಟಿಯಾಗಿ, ಕೂತು ಮಾತಾಡಿ. ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಲು ಕೇಳಿ. ಒಬ್ಬ ಸದಸ್ಯರು ಒಪ್ಪಿದರೂ ಸಾಕು, ಅವರ ಜೊತೆ ಚಾಪೆ ಹಾಸಬಹುದು.

ಒಂದು ವರ್ಷದ ನಂತರ ಈ ಕೆಲಸ ಗೆದ್ದಿತೇ ಎಂದು ಅಳೆಯುವಾಗ ಕೌದಿಯ ಅಂದವನ್ನು ನೋಡಬೇಡಿ. ಎಷ್ಟು ಖಾಲಿ ಚೌಕ ತುಂಬಿದವು ಎಂದು ಎಣಿಸಿ. ಕೆಲಸಗಾರರ ಕೂಲಿ ಚೀಟಿ ನೋಡಿ. ಊಟದ ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂತಿದ್ದಾರೆ ಎಂದು ನೋಡಿ. ಅವು ಬದಲಾಗಿದ್ದರೆ ನಿಮ್ಮ ಸಮುದಾಯದ ಮನಸ್ಸಾಕ್ಷಿ ಎಚ್ಚೆತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಬದಲಾಗದಿದ್ದರೆ ಅದೇ ಚಾಪೆ ಹಾಸಿ, ಅದೇ ಇಪ್ಪತ್ತು ಜನರನ್ನು ಮತ್ತೆ ಕರೆಯಿರಿ.